ಅಮ್ಮನಿಗೆ 1,200 ಬರುತ್ತದೆ, ನನ್ನ ಕಾಲಕ್ಕೆ ಏನು?

ರೀಲಿಂಗ್ ಕೆಲಸದವಳು, ಶಿಡ್ಲಘಟ್ಟ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ಹೆಂಗಸರು. ಅಮ್ಮನಿಗೆ 68, ನನಗೆ 39, ಮಗಳಿಗೆ 19. ಅಮ್ಮನೂ ಫಿಲೇಚರ್‌ನಲ್ಲಿ, ಅಂದರೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಗೂಡಿನಿಂದ ನೂಲು ಬಿಚ್ಚಿದವರೇ. ಬಿಸಿನೀರಲ್ಲಿ ಗೂಡು ತಡಕಿ ತಡಕಿ ಅವರ ಬೆರಳು ಐವತ್ತಕ್ಕೇ ಸೋತವು. ಸರ್ಕಾರದ ಲೆಕ್ಕದಲ್ಲಿ ಅವರಿಗೆ ವಯಸ್ಸಾಗಿದ್ದು ಅರವತ್ತಕ್ಕೆ. ನಡುವಿನ ವರ್ಷಗಳು ನನ್ನ ಕೂಲಿಯಲ್ಲೇ ಕಳೆದವು. ಈಗ ತಿಂಗಳಿಗೆ 1,200 ರೂಪಾಯಿ ವೃದ್ಧಾಪ್ಯ ವೇತನ ಬರುತ್ತದೆ, ಮಾತ್ರೆಗೆ ಸರಿಹೋಗುತ್ತದೆ.

ಅಮ್ಮನಿಗೆ ನಾವು ನಾಲ್ಕು ಮಕ್ಕಳು, ಹಂಚಿಕೊಂಡು ನೋಡಿಕೊಳ್ಳುತ್ತೇವೆ. ಅಂದರೆ ನಾನು ನೋಡಿಕೊಳ್ಳುತ್ತೇನೆ, ಮಿಕ್ಕವರು ಹಬ್ಬಕ್ಕೆ ಬರುತ್ತಾರೆ! ನನಗಿರುವುದು ಒಬ್ಬಳೇ. ಎಲ್ಲಾ ಅವಳ ತಲೆಗೆ ಕಟ್ಟಲು ಮನಸ್ಸಿಲ್ಲ. ಅಟಲ್ ಪೆನ್ಷನ್ ಅಂತಾರಲ್ಲ, ಅದಕ್ಕೆ ಈ ವಯಸ್ಸಲ್ಲಿ ಸೇರಬಹುದಾ? ನನ್ನ ಕೂಲಿ ಪ್ರತಿ ತಿಂಗಳೂ ಒಂದೇ ಸಮ ಇರಲ್ಲ. ಗೂಡಿನ ರೇಟು ಏರಿದರೆ ಕೆಲಸ ನಿಲ್ಲುತ್ತದೆ.

ನಿವೃತ್ತ ಬ್ಯಾಂಕ್ ನೌಕರ, ಚಿಂತಾಮಣಿ:
ತಡ ಮಾಡಬೇಡಿ ತಾಯಿ. 18 ತುಂಬಿರಬೇಕು, 40 ದಾಟಿರಬಾರದು. ಅರವತ್ತಾದ ಮೇಲೆ ತಿಂಗಳಿಗೆ 5,000 ಬೇಕೆಂದರೆ ನೀವು ಈಗಿನಿಂದ ತಿಂಗಳಿಗೆ 1,318 ಕಟ್ಟಬೇಕು. ಅಷ್ಟೇ ಪಿಂಚಣಿಗೆ ನಿಮ್ಮ ಮಗಳು ಕಟ್ಟಬೇಕಾದ್ದು 228! ಸಾವಿರ ಸಾಕು ಅಂದರೆ ನಿಮಗೆ 264 ಆಗುತ್ತದೆ. ಮೂರು ತಿಂಗಳಿಗೊಮ್ಮೆ ಇಲ್ಲವೇ ಆರು ತಿಂಗಳಿಗೊಮ್ಮೆ ಕಟ್ಟಬಹುದು, ನಿಮ್ಮಂಥ ಕೂಲಿಗೆ ಅದೇ ವಾಸಿ. ದುಡ್ಡು ಖಾತೆಯಿಂದ ತಾನಾಗೇ ಕಡಿತವಾಗುತ್ತದೆ, ಆ ದಿನಕ್ಕೆ ಬ್ಯಾಲೆನ್ಸ್ ಇಟ್ಟಿರಿ.

ಗೌರಿಬಿದನೂರು ಹುಡುಗ:
ಸಾರ್, ಇನ್ನು ಇಪ್ಪತ್ತೊಂದು ವರ್ಷಕ್ಕೆ 5,000 ರೂಪಾಯಿಗೆ ಏನು ಬರುತ್ತೆ? ಬಡವರ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 79ರವರೆಗೆ 200, ಎಂಬತ್ತಾದರೆ 500. ಎಷ್ಟೋ ವರ್ಷದಿಂದ ಅಲ್ಲೇ ನಿಂತಿದೆ. ಮಿಕ್ಕಿದ್ದು ರಾಜ್ಯ ಹಾಕುತ್ತದೆ. ಬೆಲೆ ಏರಿದ ಹಾಗೆ ಏರದ ಪಿಂಚಣಿ ಸುಮ್ನೆ ಹೆಸರಿಗೆ. ಅಕ್ಕಾ, ಒಬ್ಬಳೇ ಮಗಳು ಅನ್ನುವುದು ನಿಮ್ಮೊಬ್ಬರ ಕಥೆ ಅಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ನಾಳೆ ಮುದುಕರನ್ನು ನೋಡಿಕೊಳ್ಳುವವರು ಯಾರು?

ರೀಲಿಂಗ್ ಕೆಲಸದವಳು, ಶಿಡ್ಲಘಟ್ಟ:
ಸರಿಯಾಗಿ ಹೇಳಿದೆ ತಮ್ಮಾ. ಆದರೂ ಏನೂ ಇಲ್ಲದ್ದಕ್ಕಿಂತ ಸಾವಿರ ವಾಸಿ ಅಲ್ವಾ? ಮೊದಲು ಮಗಳಿಗೆ ಮಾಡಿಸುತ್ತೇನೆ. ಹೇಳಿದರೆ, "ಇನ್ನೂ ಕೆಲಸವೇ ಸಿಕ್ಕಿಲ್ಲ, ಆಗಲೇ ಪೆನ್ಷನ್ನಾ?" ಅಂತ ನಗುತ್ತಾಳೆ.

ನನ್ನನ್ನು ಕೇಳಿದರೆ ಅರವತ್ತರವರೆಗೆ ಕಾಯುವುದೇ ತಪ್ಪು. ನಲವತ್ತಕ್ಕೇ ನಮ್ಮ ಕೈ, ಕಣ್ಣು ನೋಡಲಿ. ಬೆರಳು ಪೂರ್ತಿ ಹೋಗುವ ಮೊದಲು ಕೂತು ಮಾಡುವ ಬೇರೆ ಕೆಲಸ ಕಲಿಸಲಿ. ಮಕ್ಕಳನ್ನು ಬಿಡಲು ಅಂಗನವಾಡಿ ಇದೆ. ನಾನು ಕೆಲಸಕ್ಕೆ ಹೋದಾಗ ಅಮ್ಮ ಹಗಲೆಲ್ಲಾ ಒಬ್ಬರೇ. ಅವರಿಗೂ ಬೀದಿಯಲ್ಲಿ ಅಂಥದ್ದೊಂದು ಜಾಗ ಬೇಡವಾ?

ಸಾರ್, ಮೂರು ತಿಂಗಳಿಗೊಮ್ಮೆ ಕಟ್ಟಲು ಬೇರೆ ಅರ್ಜಿನಾ?

ನಿವೃತ್ತ ಬ್ಯಾಂಕ್ ನೌಕರ, ಚಿಂತಾಮಣಿ:
ಅದೇ ಅರ್ಜಿ ತಾಯಿ, ಅದರಲ್ಲೇ ಗುರುತು ಹಾಕಬೇಕು. ಆಧಾರ್, ಮೊಬೈಲ್ ತಗೊಂಡು ನಿಮ್ಮ ಖಾತೆ ಇರುವ ಬ್ಯಾಂಕಿಗೇ ಹೋಗಿ. ನಲವತ್ತು ತುಂಬುವುದರೊಳಗೆ.