ರಾತ್ರಿ ಏಳೂಮುಕ್ಕಾಲಿಗೆ ಮನೆ ಸೇರುತ್ತೇನೆ, ಮಗಳು ಒಂಬತ್ತೂಕಾಲಿಗೆ ಮಲಗುತ್ತಾಳೆ. ಹೇಗೆ ಹೊಂದಿಸಲಿ?

ಕೆಂಗೇರಿ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ನನಗೆ ಇಬ್ಬರು ಮಕ್ಕಳು. ಮಗಳಿಗೆ ನಾಲ್ಕು ವರ್ಷ, ಈ ಸಲ ಎಲ್‌ಕೆಜಿ. ಮಗನಿಗೆ 14 ತಿಂಗಳು. ಮನೆ ಕೆಂಗೇರಿ, ಆಫೀಸು ವೈಟ್‌ಫೀಲ್ಡ್ ಕಡೆ. ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. 2023ರ ಅಕ್ಟೋಬರ್‌ನಲ್ಲಿ ಮೆಟ್ರೋದ ನೇರಳೆ ಮಾರ್ಗ ಪೂರ್ತಿ ತೆರೆದ ಮೇಲೆ ಎಷ್ಟೋ ವಾಸಿ. ಕೆಂಗೇರಿಯಲ್ಲಿ ಹತ್ತಿದರೆ ಪಟ್ಟಂದೂರು ಅಗ್ರಹಾರದಲ್ಲೇ ಇಳಿಯುವುದು, ಮಧ್ಯೆ ಬದಲಿಸುವ ಗೋಜಿಲ್ಲ. ಆದರೂ ಮನೆ ಬಾಗಿಲಿಂದ ಆಫೀಸು ಬಾಗಿಲಿಗೆ ಒಂದೂಮುಕ್ಕಾಲು ಗಂಟೆ. ಬೆಳಿಗ್ಗೆ ಏಳೂವರೆಗೆ ಹೊರಟರೆ ವಾಪಸ್ಸು ರಾತ್ರಿ ಏಳೂಮುಕ್ಕಾಲಿಗೆ.

ಹಗಲು ಇಬ್ಬರನ್ನೂ ನೋಡಿಕೊಳ್ಳುವುದು ಅತ್ತೆ. ಅವರಿಗೆ ಮಂಡಿ ನೋವು, ಆದರೂ ಒಂದು ದಿನ ಬಾಯಿಬಿಟ್ಟು ಹೇಳಿದವರಲ್ಲ. ನಮ್ಮ ಮನೆಯವರು ಬಿಡದಿಯ ಕಾರ್ಖಾನೆಯಲ್ಲಿ. ಒಂದು ವಾರ ಫಸ್ಟ್ ಶಿಫ್ಟ್, ಒಂದು ವಾರ ಸೆಕೆಂಡ್ ಶಿಫ್ಟ್. ಸೆಕೆಂಡ್ ಶಿಫ್ಟ್ ಇದ್ದ ವಾರ ಅವರು ಬರುವಾಗ ಮಧ್ಯರಾತ್ರಿ ದಾಟಿರುತ್ತದೆ.

ಹೋದ ಭಾನುವಾರ ಅತ್ತೆ ಮದುವೆಗೆ ಅಂತ ಮಾಗಡಿಗೆ ಹೋಗಿದ್ದರು. ಮಗಳಿಗೆ ಊಟ ಮಾಡಿಸೋಣ ಅಂತ ಅನ್ನ ಸಾರು ಕಲಸಿ, ತುಪ್ಪ ಹಾಕಿ ಕೂತೆ. ಒಂದು ತುತ್ತು ಇಡುವಷ್ಟರಲ್ಲಿ ಮುಖ ತಿರುಗಿಸಿದಳು. "ಹಂಗಲ್ಲ" ಅಂದಳು. ಖಾರ ಆಯಿತಾ? ಇಲ್ಲ. ಬಿಸಿ ಇದೆಯಾ? ಇಲ್ಲ. ಕೊನೆಗೆ ಅವಳೇ ತಟ್ಟೆ ಎಳೆದುಕೊಂಡು ತೋರಿಸಿದಳು. ಅನ್ನವನ್ನು ಸಣ್ಣ ಸಣ್ಣ ಉಂಡೆ ಮಾಡಿ ತಟ್ಟೆಯ ಅಂಚಿಗೆ ಸಾಲಾಗಿ ಇಡಬೇಕಂತೆ. ಮೊದಲನೆಯದು ಕಾಗೆದು. ಆಮೇಲೆ ಗುಬ್ಬಿದು. ಆಮೇಲೆ ಎದುರು ಮನೆ ನಾಯಿದು. ನಾಲ್ಕನೆಯದು ತಮ್ಮಂದು. ಐದನೆಯದು ಅಮ್ಮಂದು. ಅಮ್ಮಂದು ಯಾಕೆ ಕೊನೆಗೆ ಅಂತ ಕೇಳಿದೆ. "ನೀನು ಲೇಟಾಗಿ ಬರ್ತೀಯಲ್ಲ, ಅದಕ್ಕೆ" ಅಂದಳು. ಕೋಪ ಇಲ್ಲ, ಅಳು ಇಲ್ಲ. ನಾಯಿಗೆ ಬಾಲ ಇದೆ ಅಂತ ಹೇಳುವ ಹಾಗೆ ಹೇಳಿದಳು.

ದಿನಾ ರಾತ್ರಿ ನನ್ನ ಮನೆಯಲ್ಲೇ ನಡೆಯುವ ಆಟ ಇದು. ನನಗೆ ಗೊತ್ತೇ ಇರಲಿಲ್ಲ. ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ನಾನು ಬಾಗಿಲು ತೆಗೆದ ತಕ್ಷಣ ಚಿಕ್ಕವನು ಹತ್ತಿಕೊಳ್ಳುತ್ತಾನೆ. ಬ್ಯಾಗ್ ಇಳಿಸಲೂ ಬಿಡಲ್ಲ. ಅವನಿಗೆ ಹಾಲು ಕೊಟ್ಟು ಮಲಗಿಸುವಾಗ ಎಂಟೂಮುಕ್ಕಾಲು. ಅಷ್ಟರಲ್ಲಿ ಮಗಳ ಊಟ ಮುಗಿದು, ಮೊಬೈಲ್ ಹಿಡಿದು ತೂಕಡಿಸುತ್ತಿರುತ್ತಾಳೆ. ಕೆಲಸ ಬಿಡುವ ಹಾಗಿಲ್ಲ, ಮನೆ ಸಾಲದ ಕಂತು ತಿಂಗಳಿಗೆ 31,000. ಜೊತೆಗೆ ಈ ಕೆಲಸ ನನಗೆ ಇಷ್ಟ ಕೂಡ. ಇರುವ ಒಂದೂವರೆ ಗಂಟೆಯನ್ನು ಇಬ್ಬರಿಗೂ ಹೇಗೆ ಕೊಡಲಿ? ನೀವೆಲ್ಲ ಹೇಗೆ ಮಾಡುತ್ತೀರಿ?

ಪೀಣ್ಯ ಶಿಫ್ಟ್

ಅಕ್ಕ, ನಾನೂ ಶಿಫ್ಟ್ ಕೆಲಸದವನೇ. ನಿಮ್ಮ ಮನೆಯವರು ಫಸ್ಟ್ ಶಿಫ್ಟ್ ವಾರ ಸಂಜೆ ನಾಲ್ಕರ ಹೊತ್ತಿಗೆ ಮನೆಯಲ್ಲಿರುತ್ತಾರೆ ಅಲ್ವಾ? ಹಾಗಿದ್ದರೆ ನೀವು ಬರುವಷ್ಟರಲ್ಲಿ ಚಿಕ್ಕವನ ಸ್ನಾನ, ಊಟ ಎರಡೂ ಅವರ ಕೈಯಲ್ಲಿ ಮುಗಿದಿರಬೇಕು. ನೀವು ಬಂದ ಮೇಲೆ ಹತ್ತು ನಿಮಿಷ ಅವನನ್ನು ಎತ್ತಿಕೊಳ್ಳಿ, ಆಮೇಲೆ ಅಪ್ಪ ಹೆಗಲಿಗೆ ಹಾಕಿಕೊಂಡು ಬೀದಿ ಕೊನೆವರೆಗೂ ಹೋಗಿ ಬರಲಿ. ಮೊದಲ ಮೂರ್ನಾಲ್ಕು ದಿನ ಅಳುತ್ತಾನೆ. ನಮ್ಮವನೂ ಅತ್ತ. ಆಮೇಲೆ ಚಪ್ಪಲಿ ಸದ್ದು ಕೇಳಿದರೆ ಸಾಕು, ಅವನೇ ಕೈ ಚಾಚುತ್ತಿದ್ದ.

ಸೆಕೆಂಡ್ ಶಿಫ್ಟ್ ವಾರ ಬೆಳಗಿನ ಜವಾಬ್ದಾರಿ ಪೂರ್ತಿ ನನ್ನದು. ದೊಡ್ಡವನನ್ನು ಎಬ್ಬಿಸಿ, ರೆಡಿ ಮಾಡಿ, ಶಾಲೆಗೆ ಬಿಡುವವರೆಗೆ. ಮೊದಮೊದಲು ಸಾಕ್ಸ್ ಎಲ್ಲಿದೆ, ಡೈರಿ ಎಲ್ಲಿದೆ ಅಂತ ಹೆಂಡತಿಗೆ ಫೋನ್ ಮಾಡುತ್ತಿದ್ದೆ. ಒಂದು ದಿನ ಅವಳು ತುಂಬಿದ ಬಸ್ಸಿನಲ್ಲಿ ನಿಂತುಕೊಂಡೇ ಮೂರು ಸಲ ಫೋನ್ ಎತ್ತಿದಳು. ಹಿಂದೆ ಯಾರೋ ಗೊಣಗುತ್ತಿದ್ದದ್ದು ನನಗೂ ಕೇಳಿಸಿತು. ಅವತ್ತಿಗೆ ನಿಲ್ಲಿಸಿದೆ. ಈಗ ಏನಿದ್ದರೂ ನಾನೇ ಹುಡುಕಿಕೊಳ್ಳುತ್ತೇನೆ.

ನೀವು ಇಡೀ ಪ್ರಶ್ನೆಯನ್ನು "ನಾನು ಹೇಗೆ ಹೊಂದಿಸಲಿ" ಅಂತ ಕೇಳಿದ್ದೀರಿ. ದಯವಿಟ್ಟು ಇದನ್ನು ನಿಮ್ಮ ಮನೆಯವರಿಗೂ ಓದಿಸಿ.

ಒಂಬತ್ತು ವರ್ಷ ಎಚ್‌ಆರ್

ನಾನು ಆಫೀಸಿನ ವಿಷಯ ಮಾತ್ರ ಹೇಳುತ್ತೇನೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆದಾಗ 26 ವಾರದ ರಜೆ ಬಂದದ್ದು ಎಲ್ಲರಿಗೂ ಗೊತ್ತು. ಅದರಲ್ಲೇ ಇನ್ನೆರಡು ಮಾತಿದ್ದವು. 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಕೆಲಸದ ಸ್ವರೂಪ ಹೊಂದುವುದಾದರೆ, ರಜೆ ಮುಗಿದ ಮೇಲೂ ಇಬ್ಬರೂ ಒಪ್ಪಿಕೊಂಡು ಮನೆಯಿಂದ ಕೆಲಸ ಮಾಡಬಹುದು. ಆದರೆ 14 ತಿಂಗಳ ಮಗುವನ್ನು ಬೆಳಗಿನ ಮೆಟ್ರೋ ನೂಕುನುಗ್ಗಲಲ್ಲಿ ಕೆಂಗೇರಿಯಿಂದ ಕರೆದುಕೊಂಡು ಹೋಗಿ ಅಂತ ನಾನು ಹೇಳಲ್ಲ. ನಿಮಗೆ ಬೇಕಾಗಿರುವುದು ಎರಡನೆಯದು.

ಕೇಳುವಾಗ ಸುಮ್ನೆ "ಮಕ್ಕಳು ಚಿಕ್ಕವರು" ಅಂತ ಕೇಳಬೇಡಿ. ಬರೆದು ಕೇಳಿ, ಲೆಕ್ಕ ಇಟ್ಟು ಕೇಳಿ. ಬುಧವಾರ, ಶುಕ್ರವಾರ ಮನೆಯಿಂದ. ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನಗಳಲ್ಲಿ ಪೂರ್ತಿ ಆಫೀಸಿಗೆ. ಮೂರು ತಿಂಗಳು ನೋಡೋಣ, ಸರಿಹೋಗದಿದ್ದರೆ ಮೊದಲಿನ ಹಾಗೆ. ಹೀಗೆ ಕೇಳಿದರೆ ಮ್ಯಾನೇಜರ್‌ಗೆ ಹೂಂ ಅನ್ನಲು ಒಂದು ದಾರಿ ಸಿಗುತ್ತದೆ.

ಮನೆಯಿಂದ ಬೇಡ ಅಂದರೆ ಸಮಯ ಬದಲಿಸಲು ಕೇಳಿ. ನಿಮ್ಮವರು ಸೆಕೆಂಡ್ ಶಿಫ್ಟ್ ಇದ್ದ ವಾರ ಬೆಳಿಗ್ಗೆ ಮನೆಯಲ್ಲಿ ಇರುತ್ತಾರಲ್ಲ, ಆ ವಾರ ನೀವು ಆರಕ್ಕೇ ಹೊರಟರೆ ಸಂಜೆ ಆರೂಕಾಲಿಗೆ ಮನೆಯಲ್ಲಿರುತ್ತೀರಿ. ನಿಮ್ಮ ಒಂದೂವರೆ ಗಂಟೆ ಮೂರು ಗಂಟೆ ಆಗುತ್ತದೆ.

ಮಂಡ್ಯ ಸಿಸ್ಟರ್

ನಾನು ನರ್ಸ್. ಮಗ ಎರಡು ವರ್ಷದವನಿದ್ದಾಗ ಕೆಲಸ ಬಿಟ್ಟೆ. ಒಂದು ವರ್ಷ ಮನೆಯಲ್ಲಿದ್ದು ಮತ್ತೆ ಸೇರಿದೆ. ಬಿಟ್ಟಿದ್ದಕ್ಕೂ ಬೇಜಾರಿಲ್ಲ, ಸೇರಿದ್ದಕ್ಕೂ ಬೇಜಾರಿಲ್ಲ. ಆದರೆ ಒಂದು ಸತ್ಯ ಹೇಳಬೇಕು. ಆ ವರ್ಷ ಮಗನ ಜೊತೆ ಕೂತು ಆಡಿದ್ದು ನಾನು ಅಂದುಕೊಂಡಷ್ಟಿಲ್ಲ. ಮನೆಯಲ್ಲಿದ್ದಾಳೆ ಅಂದಮೇಲೆ ಎಲ್ಲ ಕೆಲಸವೂ ನನ್ನ ಮೇಲೆ ಬಿತ್ತು. ಬರುವ ನೆಂಟರು, ಗ್ಯಾಸ್ ಸಿಲಿಂಡರ್, ನಾದಿನಿಯ ಬಾಣಂತನ. ಅವನು ಕಾಲಿಗೆ ಸುತ್ತಿಕೊಳ್ಳುತ್ತಿದ್ದ, ನಾನು "ಇರು, ಬಂದೆ" ಅನ್ನುತ್ತಿದ್ದೆ.

ಮೊಬೈಲ್ ಬಗ್ಗೆ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಎರಡು ವರ್ಷ ತುಂಬದ ಮಕ್ಕಳು ಕೂತು ಸ್ಕ್ರೀನ್ ನೋಡುವುದು ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಆದರೆ ಇದನ್ನು ಅತ್ತೆಗೆ ಆಜ್ಞೆಯ ಹಾಗೆ ಹೇಳಬೇಡಿ. ಮಂಡಿ ನೋವಿಟ್ಟುಕೊಂಡು ಇಬ್ಬರನ್ನು ನೋಡಿಕೊಳ್ಳುವವರು ಸಂಜೆ ಅರ್ಧ ಗಂಟೆ ಕಾಲು ಚಾಚಲು ಮೊಬೈಲ್ ಕೊಟ್ಟಿರುತ್ತಾರೆ. ನೀವು ಬಂದ ಮೇಲೆ ಮಾತ್ರ ಅದು ಕಪಾಟಿನೊಳಗೆ ಹೋಗಲಿ. ನಿಮ್ಮದೂ ಸೇರಿ.

ಹಾವೇರಿ ಟೀಚರ್

ತಂಗಿ, ನಿಮ್ಮ ಐದು ಉಂಡೆಯ ಕಥೆ ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ನಾನು ಸರ್ಕಾರಿ ಶಾಲೆ ಟೀಚರ್. ಮಕ್ಕಳು ಸಣ್ಣವರಿದ್ದಾಗ ಶಾಲೆ 26 ಕಿಲೋಮೀಟರ್ ದೂರ, ಹಾನಗಲ್ ಕಡೆಯ ಒಂದು ಹಳ್ಳಿಯಲ್ಲಿ. ದಿನಕ್ಕೆ ಎರಡು ಬಸ್ಸು. ಸಂಜೆಯದು ತಪ್ಪಿದರೆ ಹಾಲಿನ ಗಾಡಿಯೇ ಗತಿ. ನಮ್ಮ ರಾಜ್ಯದ ಮಹಿಳಾ ನೌಕರರಿಗೆ 180 ದಿನದ ಮಕ್ಕಳ ಪಾಲನೆ ರಜೆ ಬಂದದ್ದು 2021ರಲ್ಲಿ. ಅಷ್ಟರಲ್ಲಿ ನನ್ನ ಮಗಳು ಏಳನೇ ಕ್ಲಾಸು. ಈಗ ಸೇರಿದ ಹುಡುಗಿಯರಿಗೆ ಹೇಳುತ್ತಲೇ ಇರುತ್ತೇನೆ, ಸಂಕೋಚ ಪಡದೆ ತೆಗೆದುಕೊಳ್ಳಿ ಅಂತ.

ವಾರವಿಡೀ ಸಿಗಲ್ಲ ಅಂತ ನಾನು ಭಾನುವಾರವನ್ನು ಹಬ್ಬ ಮಾಡಲು ಹೊರಟಿದ್ದೆ. ಹುಬ್ಬಳ್ಳಿಗೆ ಕರೆದುಕೊಂಡು ಹೋಗುವುದು, ಆಟದ ಸಾಮಾನು, ಹೋಟೆಲ್. ಸಂಜೆ ಹೊತ್ತಿಗೆ ಇಬ್ಬರೂ ಅಳುತ್ತಿದ್ದರು, ನಾನೂ ಸಿಡುಕುತ್ತಿದ್ದೆ. ನಮ್ಮ ಅವ್ವ ಒಂದು ದಿನ ನೋಡಿ, "ಅವರನ್ನ ಎಲ್ಲಿಗಾದರೂ ಒಯ್ಯೋದು ಬಿಡು, ನೀ ಇದ್ದಲ್ಲಿ ಕೂಡಿಸ್ಕೋ" ಅಂದಳು.

ಆಮೇಲೆ ಶುರುವಾದದ್ದು ರೊಟ್ಟಿ. ನಮ್ಮ ಕಡೆ ರಾತ್ರಿ ಜೋಳದ ರೊಟ್ಟಿ ಬಡಿಯುವುದು ತಪ್ಪಲ್ಲ. ಮೊದಲು ಮಕ್ಕಳನ್ನು ಒಲೆ ಹತ್ತಿರ ಬಿಡುತ್ತಿರಲಿಲ್ಲ, ಬೇಗ ಮುಗಿಸಿ ಅವರ ಜೊತೆ ಕೂರೋಣ ಅಂತ. ಮುಗಿಯುವಾಗ ಅವರು ಮಲಗಿರುತ್ತಿದ್ದರು. ಅವತ್ತಿನಿಂದ ಮಗಳನ್ನು ಪಕ್ಕದಲ್ಲೇ ಮಣೆ ಹಾಕಿ ಕೂರಿಸಿಕೊಂಡೆ. ಅವಳಿಗೂ ನಾಲ್ಕೇ ವರ್ಷ. ಒಂದು ನಿಂಬೆಹಣ್ಣಿನಷ್ಟು ಹಿಟ್ಟು ಅವಳದು. ಎರಡೂ ಅಂಗೈಯಲ್ಲಿ ಬಡಿಯುತ್ತಿದ್ದಳು, ಹಿಟ್ಟು ಮೂಗಿಗೆ ಹಾರುತ್ತಿತ್ತು. ಅದು ಯಾವತ್ತೂ ದುಂಡಗಾಗಲಿಲ್ಲ. ನಾನು ರೊಟ್ಟಿಗೆ ನೀರು ಸವರುವ ಅರಿವೆ ಅವಳ ಕೈಗೇ ಕೊಡುತ್ತಿದ್ದೆ, ಅವಳದಕ್ಕೆ ಅವಳೇ ಸವರಬೇಕು. ಹಂಚಿನ ಅಂಚಿಗೆ ಇಟ್ಟು ಬೇಯಿಸಿಕೊಡುತ್ತಿದ್ದೆ. ಮುಖ್ಯ ಏನೆಂದರೆ ಅದನ್ನು ಮನೆಯಲ್ಲಿ ಯಾರಾದರೂ ನಿಜವಾಗಿ ತಿನ್ನಬೇಕಿತ್ತು. ಅವರಪ್ಪ ಪಲ್ಯ ಹಚ್ಚಿಕೊಂಡು ತಿನ್ನುವವರೆಗೂ ಮುಖ ನೋಡುತ್ತಾ ಕೂತಿರುತ್ತಿದ್ದಳು. ಇಷ್ಟಕ್ಕೆ ಇಪ್ಪತ್ತು ನಿಮಿಷ. ಶಾಲೆಯಲ್ಲಿ ಯಾರು ಹೊಡೆದರು, ಯಾರ ಹಲ್ಲು ಬಿತ್ತು, ಎಲ್ಲ ಆ ಇಪ್ಪತ್ತು ನಿಮಿಷದಲ್ಲೇ ಹೊರಗೆ ಬರುತ್ತಿತ್ತು. ಎದುರಿಗೆ ಕೂರಿಸಿಕೊಂಡು "ಇವತ್ತು ಏನಾಯ್ತು ಹೇಳು" ಅಂದರೆ ಒಂದು ಮಾತೂ ಆಡುತ್ತಿರಲಿಲ್ಲ.

ಹಾಗಾಗಿ ನಿಮಗೂ ಹೇಳುವುದು ಇಷ್ಟೇ. ಮಗಳ ರಾತ್ರಿ ಊಟವನ್ನು ನೀವು ತೆಗೆದುಕೊಳ್ಳಿ. ಸಂಜೆ ಆರಕ್ಕೆ ಅತ್ತೆ ಏನಾದರೂ ಸ್ವಲ್ಪ ತಿನ್ನಿಸಿರಲಿ, ಊಟ ಮಾತ್ರ ನೀವು ಬಂದ ಮೇಲೆ. ಆ ಐದು ಉಂಡೆ ನಿಮ್ಮ ಕೈಯಲ್ಲೇ ಆಗಲಿ. ಅದೊಂದನ್ನು ಯಾವ ಫೋನ್ ಬಂದರೂ ಬಿಡಬೇಡಿ. ಅತ್ತೆಯವರಿಗೆ ಮೊದಲು ಕೇಳಿ ಮಾಡಿ. ಆ ಆಟ ಕಟ್ಟಿದವರು ಅವರು, ಕಸಿದುಕೊಂಡ ಹಾಗೆ ಆಗಬಾರದು.

ಕೆಂಗೇರಿ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ.

ಅತ್ತೆಯನ್ನು ಕೇಳಿದೆ. ಆ ಆಟ ಅವರು ನಮ್ಮ ಮನೆಯವರಿಗೂ ಆಡಿಸುತ್ತಿದ್ದರಂತೆ, ಆಗ ನಾಯಿಯ ಜಾಗದಲ್ಲಿ ಎಮ್ಮೆ ಇತ್ತಂತೆ. ಈಗ ಮಗಳ ಊಟ ಎಂಟಕ್ಕೆ, ನನ್ನ ಕೈಯಲ್ಲಿ. ಅತ್ತೆ ಪಕ್ಕದಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿರುತ್ತಾರೆ, ನಾನು ಸಾಲು ತಪ್ಪಿದರೆ ಇಬ್ಬರೂ ಹೇಳುತ್ತಾರೆ. ಚಿಕ್ಕವನು ಅಪ್ಪನ ಜೊತೆ ಹೊರಗೆ ಹೋಗುವುದಕ್ಕೆ ಇನ್ನೂ ಅಳುತ್ತಾನೆ, ಆದರೆ ಮೊದಲ ದಿನದಷ್ಟಿಲ್ಲ. ಸೆಕೆಂಡ್ ಶಿಫ್ಟ್ ವಾರ ಇನ್ನೂ ಕಷ್ಟವೇ. ಆಫೀಸಿನಲ್ಲಿ ಬುಧವಾರ ಒಂದು ದಿನ ಮಾತ್ರ ಮನೆಯಿಂದ ಒಪ್ಪಿದ್ದಾರೆ. ಬೇಗ ಬಂದು ಬೇಗ ಹೋಗುವುದನ್ನು ಯೋಚಿಸಿ ಹೇಳುತ್ತೇವೆ ಅಂದಿದ್ದಾರೆ.

ಟೀಚರ್ ಅಕ್ಕ, ಜೋಳದ ರೊಟ್ಟಿ ನನಗೆ ಬರಲ್ಲ. ಶನಿವಾರ ರಾಗಿ ರೊಟ್ಟಿಗೆ ಅವಳನ್ನು ಕೂರಿಸಿಕೊಳ್ಳೋಣ ಅಂತ. ನಾಲ್ಕು ವರ್ಷದವಳಿಗೆ ತಟ್ಟಲು ಬರುತ್ತಾ?

ಹಾವೇರಿ ಟೀಚರ್

ಬರುತ್ತದೆ. ಕಾವಲಿ ಮೇಲೆ ಬೇಡ, ಬಾಳೆ ಎಲೆ ಮೇಲೆ ತಟ್ಟಿಸಿ. ಎಲೆ ಸಮೇತ ನೀವೇ ಕಾವಲಿಗೆ ಬೋರಲು ಹಾಕಿ, ಒಂದು ನಿಮಿಷ ಬಿಟ್ಟು ಎಲೆ ಬಿಡಿಸಿ. ಮೊದಲ ಎರಡು ಹರಿಯುತ್ತವೆ. ಹರಿದದ್ದನ್ನೂ ಬೇಯಿಸಿ ಕೊಡಿ.