ಮನೆಯಲ್ಲೇ ಮರದ ಕುರ್ಚಿ: ಸ್ಕ್ರೂ ಸಾಕಾ, ಗುಳಿ ಕೊರೆಯಲೇಬೇಕಾ?

ಪ್ರಶ್ನೆ: ಬಡಗಿ ಕೆಲಸ ಬಲ್ಲವರಿಗೆ ನಮಸ್ಕಾರ. ಹಿತ್ತಲ ಹಲಸಿನ ಮರ ಕುಯ್ಸಿದ ಹಲಗೆಗಳಿವೆ, ಒಂದೂವರೆ ಇಂಚು ದಪ್ಪ, ಎರಡು ಮಳೆಗಾಲ ಕಳೆದಿವೆ. ಊಟದ ಮೇಜಿನ ಎತ್ತರ 30 ಇಂಚು. ಅದಕ್ಕೆ ಕೈಯಿಲ್ಲದ ಸಾದಾ ಕುರ್ಚಿ ಮಾಡಬೇಕು. ಎಲ್ ಪಟ್ಟಿ, ಸ್ಕ್ರೂ ಹಾಕಿ ಜೋಡಿಸಿದರೆ ನಡೆಯುತ್ತಾ? ಅಳತೆ ಎಷ್ಟು ಇಟ್ಟುಕೊಳ್ಳಲಿ? ಡ್ರಿಲ್, ಕೈಗರಗಸ, ಎರಡು ಉಳಿ ಇವೆ.

ಉತ್ತರ: ಸ್ಟೂಲಿಗಾದರೆ ನಡೆದೀತು, ಕುರ್ಚಿಗೆ ಬೇಡ ಸರ್. ಕುರ್ಚಿಯಲ್ಲಿ ಜನ ಕೂರುವುದಷ್ಟೇ ಅಲ್ಲ, ಒರಗುತ್ತಾರೆ. ಒರಗಿದಾಗಲೆಲ್ಲ ಹಿಂಗಾಲಿಗೆ ಪಕ್ಕದ ಪಟ್ಟಿ ಸೇರುವ ಜಾಗವನ್ನು ಹಾರೆ ಹಾಕಿ ಮೀಟಿದಂತಾಗುತ್ತದೆ. ಸ್ಕ್ರೂ ಪಟ್ಟಿಯ ತುದಿಗೆ ಇಳಿದರೆ ಮರದ ಎಳೆಗಳ ನಡುವೆ ನುಗ್ಗಿ ಕೂತಿರುತ್ತದೆ ಅಷ್ಟೆ, ಹಿಡಿತ ಇರುವುದಿಲ್ಲ. ಕೆಲವು ತಿಂಗಳಲ್ಲಿ ಲೊಡಲೊಡ. ಕಾಲಿಗೆ ಗುಳಿ ಕೊರೆದು, ಪಟ್ಟಿಯ ತುದಿ ಕೆತ್ತಿ ಅದರಲ್ಲಿ ಕೂರಿಸುವ ಟೆನನ್ ಜಾಯಿಂಟೇ ಆಗಬೇಕು. ನಿಮ್ಮಲ್ಲಿರುವ ಸಾಮಾನಿಗೆ ಮೂಲೆಮಟ್ಟ, ಕೊಡತಿ ಸೇರಿಸಿಕೊಂಡರೆ ಸಾಕು.

ಹೊರ ಅಳತೆ ಅಗಲ 17, ಆಳ 16 ಇಂಚು. ಮುಂಗಾಲು ಒಂದೂವರೆ ಇಂಚು ಚೌಕ, ಉದ್ದ 17. ಹಿಂಗಾಲು 34 ಇಂಚು. 3 ಇಂಚು ಅಗಲದ ಹಲಗೆಯಲ್ಲಿ ಕೆಳಗಿನ 17 ಇಂಚು ನೆಟ್ಟಗೆ, ಅಲ್ಲಿಂದ ಮೇಲೆ ತುದಿಗೆ ಒಂದೂವರೆ ಇಂಚು ಹಿಂದಕ್ಕೆ ಹೋಗುವಂತೆ ಗೀಟು ಹಾಕಿ ಕುಯ್ಯಿರಿ. ಇನ್ನೂ ಬಾಗಿಸುವ ಆಸೆ ಬೇಡ. ಎಳೆ ಅಡ್ಡ ಕಡಿದುಹೋದ ಕಡೆ ಕಾಲು ಮುರಿಯುತ್ತದೆ. ಕುರ್ಚಿಯೂ ಹಿಂದಕ್ಕೆ ಮಗುಚೀತು. ಸೀಟಿನ ಕೆಳಗಿನ ಪಟ್ಟಿಗಳು ಎರಡೂಮುಕ್ಕಾಲು ಇಂಚು ಅಗಲ, 22 ಮಿ.ಮೀ. ದಪ್ಪ: ಮುಂದಿನ, ಹಿಂದಿನ ಪಟ್ಟಿ 16 ಇಂಚು, ಪಕ್ಕದವು 15. ಎರಡೂ ತುದಿಯ ಒಂದೊಂದು ಇಂಚು ಗುಳಿಗೆ ಹೋಗುವುದೂ ಇದರಲ್ಲೇ ಸೇರಿದೆ. ಕಾಲುಗಳ ನಡುವಿನ ಅಡ್ಡಪಟ್ಟಿ 3, ಬೆನ್ನಿಗೆ 3, ಸೀಟಿಗೆ 3 ಇಂಚಿನ ಪಟ್ಟಿ 5. ಪೋಲು ಸೇರಿ ಮುಕ್ಕಾಲು ಘನ ಅಡಿ ಮರ ಬೇಕು.

ಗುಳಿಗೆ 10 ಮಿ.ಮೀ. ಬಿಟ್‌ನಲ್ಲಿ ಸಾಲಾಗಿ ತೂತು ಹೊಡೆದು, ಉಳಿಯಿಂದ ಗೋಡೆ ನೆಟ್ಟಗೆ ಮಾಡಿ. ಮುಂಗಾಲನ್ನು ಒಂದಿಂಚು ಉದ್ದ ಬಿಟ್ಟೇ ಕೊರೆಯಿರಿ, ಇಲ್ಲದಿದ್ದರೆ ಮೇಲ್ತುದಿ ಸೀಳುತ್ತದೆ. ಹೆಚ್ಚಿನದನ್ನು ಆಮೇಲೆ ಕತ್ತರಿಸಿ. ಅದೇ ಕಾರಣಕ್ಕೆ ಟೆನನ್ ಅನ್ನು ಪಟ್ಟಿಯ ಮೇಲಂಚಿನಿಂದ ಅರ್ಧ ಇಂಚು ಕೆಳಗಿಡಿ. ಅಕ್ಕಪಕ್ಕದ ಮುಖದ ಎರಡು ಗುಳಿಗಳು ಕಾಲಿನ ಒಳಗೆ ಕೂಡುತ್ತವೆ, ಹಾಗಾಗಿ ಟೆನನ್ ತುದಿಗಳನ್ನು 45 ಡಿಗ್ರಿ ಓರೆ ಕತ್ತರಿಸಬೇಕು. ಕೈಯಲ್ಲಿ ಒತ್ತಿದರೆ ಅರ್ಧ ಇಳಿದು, ಉಳಿದದ್ದು ಕೊಡತಿಯ ಸಣ್ಣ ಪೆಟ್ಟಿಗೆ ಹೋಗುವಷ್ಟು ಬಿಗಿ ಸರಿ. ಗುಳಿ 2 ಮಿ.ಮೀ. ಹೆಚ್ಚು ಆಳ ಇರಲಿ. ತಳದಲ್ಲಿ ಸಿಕ್ಕಿಕೊಂಡ ಗಮ್‌ಗೆ ಹೋಗಲು ದಾರಿಯಿಲ್ಲದಿದ್ದರೆ ಕಾಲನ್ನೇ ಸೀಳಿಬಿಡುತ್ತದೆ.

ಇನ್ನೊಬ್ಬರ ಉತ್ತರ: ಮೊದಲು ಮರ ಒಣಗಿದೆಯಾ ನೋಡಿ. ಒಂದಿಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಲೆಕ್ಕ. ಆದರೆ ಹಲಗೆಗಳ ನಡುವೆ ರೀಪು ಇಡದೆ ಒಂದರ ಮೇಲೊಂದು ಪೇರಿಸಿದ್ದರೆ ಆ ಲೆಕ್ಕ ನಡೆಯುವುದಿಲ್ಲ. ಹಲಗೆಯ ನಡುವಿಂದ ಒಂದು ತುಂಡು ಕುಯ್ದು (ತುದಿಯದ್ದಲ್ಲ, ತುದಿ ಬೇಗ ಒಣಗಿರುತ್ತದೆ) ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಕೆಲಸ ಶುರುಮಾಡಿ. ಹಳದಿ ಕೆಚ್ಚನ್ನೇ ಬಳಸಿ. ಸುತ್ತಲಿನ ಬಿಳಿ ಭಾಗಕ್ಕೆ ಕುಟ್ಟೆ ಹುಳ ಬೀಳುತ್ತದೆ.

ಪ್ರಶ್ನೆ: ಕ್ಲಾಂಪ್ ಇಲ್ಲ. ಸೀಟಿಗೆ ಹಿಂದಕ್ಕೆ ಇಳಿಜಾರು ಬೇಕಲ್ಲ, ಆ ಕೋನ ಹೇಗೆ ತರುವುದು?

ಉತ್ತರ: ಎಲ್ಲ ಜಾಯಿಂಟನ್ನೂ 90 ಡಿಗ್ರಿಗೇ ಮಾಡಿ. ಕೊನೆಯಲ್ಲಿ ಹಿಂಗಾಲಿನ ಬುಡದಿಂದ ಅರ್ಧ ಇಂಚು ಕತ್ತರಿಸಿದರೆ ಸೀಟು, ಬೆನ್ನು ಎರಡೂ ತಾವಾಗಿ ವಾಲುತ್ತವೆ. ಕ್ಲಾಂಪ್ ಬದಲು ಹಗ್ಗ ಎರಡು ಸುತ್ತು ಸುತ್ತಿ, ನಡುವೆ ಕೋಲು ತೂರಿಸಿ ತಿರುಪಿ. ಮೊದಲ ದಿನ ಮುಂದಿನ ಚೌಕಟ್ಟು, ಹಿಂದಿನ ಚೌಕಟ್ಟು ಅಂಟಿಸಿ, ಮರುದಿನ ಪಕ್ಕದ ಪಟ್ಟಿಗಳು. ಗಮ್ ಹಸಿಯಿರುವಾಗಲೇ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ನೋಡಿ. ಎರಡೂ ಕರ್ಣ ಒಂದೇ ಬರಬೇಕು. ಗಂಟೆ ಕಳೆದ ಮೇಲೆ ಸೊಟ್ಟ ತಿದ್ದಲು ಹೋದರೆ ಜಾಯಿಂಟ್ ಹಾಳು. ಸೀಟಿನ ಪಟ್ಟಿಗಳ ನಡುವೆ 6 ಮಿ.ಮೀ. ಸಂದು ಬಿಡಿ, ಮಳೆಗಾಲದಲ್ಲಿ ಮರ ಹಿಗ್ಗುತ್ತದೆ. ಇಲ್ಲಿ ಸ್ಕ್ರೂ ಹಾಕಬಹುದು, ಮೊದಲೇ ತೂತು ಹೊಡೆದು.

ಪ್ರಶ್ನೆ: ಆಮೇಲೂ ಒಂದು ಕಾಲು ಎತ್ತರ ತಗ್ಗು ಬಂದರೆ?

ಉತ್ತರ: ಬಂದೇ ಬರುತ್ತದೆ. ಅಂದಾಜಿನ ಮೇಲೆ ಒಂದು ಕಾಲು, ಮತ್ತೊಂದು ಕಾಲು ಅಂತ ಕುಯ್ಯುತ್ತ ಹೋದರೆ ಬೆಕ್ಕುಗಳಿಗೆ ರೊಟ್ಟಿ ಹಂಚಿದ ಕೋತಿಯ ಕತೆ, ಕೊನೆಗೆ ಉಳಿಯುವುದು ಮಣೆ. ಸಮತಟ್ಟಾದ ಗ್ರಾನೈಟ್ ಮೇಲೆ ನಿಲ್ಲಿಸಿ, ತಗ್ಗಿದ ಕಾಲಿಗೆ ರಟ್ಟು ಕೊಟ್ಟು ಅಲುಗಾಟ ನಿಲ್ಲಿಸಿ. ಒಂದು ಮರದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ ಹಿಡಿದು, ನಾಲ್ಕೂ ಕಾಲಿನ ಸುತ್ತ ಒಂದೇ ಎತ್ತರಕ್ಕೆ ಗೀಟೆಳೆದು, ಆ ಗೀಟಿಗೆ ಕುಯ್ಯಿರಿ. ಬುಡದ ಅಂಚನ್ನು ಉಪ್ಪುಕಾಗದದಿಂದ ಸ್ವಲ್ಪ ಮುರಿಯಿರಿ, ಎಳೆದಾಗ ಸಿಬಿರು ಏಳುವುದಿಲ್ಲ.