ಬಿಲ್ ಇದೆ, ಮಾಲು ಬಂದಿಲ್ಲ. ಎಂಟ್ರಿ ಹಾಕಲಾ?

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಎಂಟು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಶುಕ್ರವಾರ ಓನರ್ ಒಂದು ಬಿಲ್ ತಂದು ಟೇಬಲ್ ಮೇಲಿಟ್ಟು, "ಇದನ್ನ ಹೋದ ತಿಂಗಳ ಖರೀದಿಗೆ ಸೇರಿಸಿಬಿಡಮ್ಮ" ಅಂದರು. 4 ಲಕ್ಷದ ಕಬ್ಬಿಣದ ಶೀಟು, ಅದರ ಮೇಲೆ 18% ಜಿಎಸ್‌ಟಿ, ಅಂದರೆ 72,000 ರೂಪಾಯಿ. ಗಾಡಿ ನಂಬರ್ ಜಾಗ ಖಾಲಿ. ಮಾಲು ಸಾಗಿಸುವಾಗ ಗಾಡಿ ಜೊತೆ ಇರಬೇಕಾದ ಇ-ವೇ ಬಿಲ್ ಇಲ್ಲ, ತೂಕದ ಚೀಟಿಯೂ ಇಲ್ಲ. ಸ್ಟೋರ್‌ನವರನ್ನು ಕೇಳಿದರೆ ಅಂಥ ಮಾಲೇ ಬಂದಿಲ್ಲ ಎಂದರು.

ಮಾಲು ಕೈ ಸೇರದೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ತಗೊಳ್ಳುವಂತಿಲ್ಲ. ನನಗೂ ಗೊತ್ತು, ಅವರಿಗೂ ಗೊತ್ತು. ಸಿಕ್ಕಿಬಿದ್ದರೆ ತೆರಿಗೆ, ಬಡ್ಡಿ, ಮೇಲೆ ದಂಡ.

ಆದರೆ ಮನುಷ್ಯ ಕೆಟ್ಟವರಲ್ಲ. ಕೊರೋನಾ ಸಮಯದಲ್ಲಿ ಯಾರನ್ನೂ ಮನೆಗೆ ಕಳಿಸಲಿಲ್ಲ. ಮಗಳ ಫೀಸಿಗೆ ಅವರು ಕೊಟ್ಟ 30,000 ನಾನಿನ್ನೂ ತೀರಿಸಿಲ್ಲ. ನನ್ನ ಬಾಯಿ ಕಟ್ಟಿರುವುದು ಅದೇ.

20ಕ್ಕೆ ರಿಟರ್ನ್ ಹಾಕಬೇಕು. ಲೆಕ್ಕದ ಕೆಲಸದಲ್ಲಿರುವವರು ಹೇಳಿ, ಮುಖ ಮುರಿಯದ ಹಾಗೆ 'ಆಗಲ್ಲ' ಅಂತ ಹೇಗೆ ಹೇಳುವುದು? ಮೊದಲು ಆಡಿಟರ್ ಹತ್ತಿರ ಮಾತಾಡಲಾ? ಎಂಟ್ರಿ ಹಾಕುವವಳು ನಾನೇ ಅಲ್ವಾ, ನಾಳೆ ನನ್ನ ತಲೆಗೂ ಬರುತ್ತಾ? ಸುಮ್ನೆ 'ಕೆಲಸ ಬಿಡಿ' ಅನ್ನಬೇಡಿ, ಪ್ಲೀಸ್. ಅದು ಸದ್ಯಕ್ಕೆ ಆಗದ ಮಾತು.